ಹದಿನೇಳು ಜಂತಿ, ಒಂದು ಟೇಪು

ಮರ ಕೊಯ್ಯುವ ದಿನ ನಮ್ಮಲ್ಲಿ ಎಂತಾದರೂ ಒಂದು ಎಡವಟ್ಟು ಆಗದೆ ಸಂಜೆ ಆದದ್ದು ನನಗೆ ನೆನಪಿಲ್ಲ. ಮಾಡಬೇಕೆಂದು ಮಾಡುವುದಲ್ಲ ಮಾರಾಯ್ರೇ, ಅದು ತಾನಾಗಿ ನಮ್ಮನ್ನು ಹುಡುಕಿಕೊಂಡು ಬರುತ್ತದೆ.

ನಮ್ಮದು ಮೂಡುಬಿದಿರೆಯ ಹತ್ತಿರ ಪುತ್ತಿಗೆ. ನನ್ನ ಗಂಡ ಮರದ ಕೆಲಸದ ಆಚಾರಿ. ನಾನು ಇಪ್ಪತ್ತು ವರ್ಷದಿಂದ ಟೇಪಿನ ಇನ್ನೊಂದು ತುದಿ ಹಿಡಿಯುವವಳು. ಕೇಳಲಿಕ್ಕೆ ಸಣ್ಣ ಕೆಲಸ. ಹಿಡಿದು ನೋಡಿ, ಆಮೇಲೆ ಮಾತಾಡುವ.

ಮೊದಲೆಲ್ಲ ಬಾಗಿಲು, ಕಿಟಕಿ, ಕಪಾಟು ಎಂದು ಕೆಲಸ ಬರುತ್ತಿತ್ತು. ಈಗ ಎಲ್ಲರಿಗೂ ಡೆಕ್ ಬೇಕು. ಮನೆಯ ಹಿಂದೆ, ತೋಡಿನ ಮೇಲೆ, ಹೊಳೆಯ ಬದಿಯಲ್ಲಿ ಹಲಗೆ ಹಾಸಿ, ಕುರ್ಚಿ ಇಟ್ಟು ಚಾ ಕುಡಿಯಬೇಕು. ಆ ಹಲಗೆಗಳ ಅಡಿಗೆ ಸಾಲಾಗಿ ಮಲಗಿಸುವ ಮರಕ್ಕೆ ನಾವು ಜಂತಿ ಎನ್ನುವುದು. ಜಂತಿಯ ಉದ್ದ ಸರಿ ಬಂದರೆ ಡೆಕ್ ಸರಿ. ನಮ್ಮ ರಾಮಾಯಣ ಇರುವುದೇ ಅಲ್ಲಿ. ಇವರು ಕೊಯ್ದ ಮರ ಗಿಡ್ಡ ಆಗುತ್ತದೆ. ಯಾವಾಗಲೂ ಅಲ್ಲ, ಆದರೆ ಊರವರು ಮರೆಯದಷ್ಟು ಸಲ. ಹಾಗಾಗಿ ಆರಡಿ ಎತ್ತರದ ನನ್ನ ಗಂಡನಿಗೆ ಬೆನ್ನ ಹಿಂದೆ ಗಿಡ್ಡಾಚಾರಿ ಎಂದು ಹೆಸರು. ಮದುವೆಮನೆಯಲ್ಲಿ ಹೊಸಬರು ಯಾರಾದರೂ "ಗಿಡ್ಡಾಚಾರಿ ಯಾರು?" ಎಂದು ಕೇಳಿ, ಇವರು ಎದ್ದು ನಿಂತರೆ ತಲೆ ಎತ್ತಿ ಎತ್ತಿ ನೋಡುತ್ತಾರೆ. ಇವರಿಗೆ ಅದು ಒಳಗೊಳಗೆ ಉರಿ. ಆ ಹೆಸರೊಂದು ಹೋಗಲಿ ಎಂದು ಹೇಳಿಕೊಳ್ಳದ ದೇವರಿಲ್ಲ.

ಇಬ್ಬರೂ ಕಳೆದದ್ದು

ಹೆಸರು ಬಿದ್ದದ್ದು ಮೂಡುಬಿದಿರೆಯ ಒಬ್ಬ ಮೇಷ್ಟ್ರ ಮನೆಯ ಕೆಲಸದಲ್ಲಿ. ಮಾಳಿಗೆಯ ಹೊರಗೆ ಸಣ್ಣ ಡೆಕ್, ಆರೇ ಆರು ಜಂತಿ.

ನಮ್ಮ ಟೇಪಿನ ತುದಿ ಮುರಿದು ಹೋಗಿತ್ತು. ಮೊದಲ ಒಂದು ಅಡಿ ಇಲ್ಲವೇ ಇಲ್ಲ. ಹೊಸದು ತೆಗೆಯುವ ಎಂದರೆ ಇವರು ಕೇಳಬೇಕಲ್ಲ. "ಒಂದು ಅಡಿಯ ಗೆರೆಯಲ್ಲಿ ಹಿಡಿದು, ಆಮೇಲೆ ಒಂದು ಕಳೆದರೆ ಆಯಿತು. ಅದಕ್ಕೆ ಹೊಸ ಟೇಪು ಯಾಕೆ?" ಎಂದರು. ಸರಿ, ನಾನು ಒಂದರಲ್ಲಿ ಹಿಡಿದೆ. ಇವರು ಆ ಕೊನೆಯಲ್ಲಿ ನೋಡಿದರು, ಹತ್ತು ಬಂತು. ಒಂದು ಕಳೆದು "ಒಂಬತ್ತು" ಎಂದು ಕೂಗಿದರು. ಹಲಗೆಯ ಮೇಲೆ ಬರೆದುಕೊಳ್ಳುವವಳು ನಾನು. ಇವರಿಗೆ ಎಲ್ಲಿ ನೆನಪಿರುತ್ತದೆ, ಪಾಪ, ನಾನಾದರೂ ಕಳೆಯಬೇಕಲ್ಲ ಎಂದು ಎಂಟು ಎಂದು ಬರೆದೆ.

ಆರೂ ಜಂತಿ ಎಂಟು ಅಡಿಗೆ ಕೊಯ್ದಾಯಿತು. ಎತ್ತಿ ಇಡುವಾಗ ಒಂದು ಬದಿ ಗೋಡೆಯಲ್ಲಿ ಕೂತಿತು, ಇನ್ನೊಂದು ಬದಿ ಗಾಳಿಯಲ್ಲಿ ನಿಂತಿತು.

"ನಾನು ಕಳೆದಿದ್ದೇನೆ!" ಎಂದರು ಇವರು.

"ನಾನೂ ಕಳೆದಿದ್ದೇನೆ!" ಎಂದೆ ನಾನು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಇಬ್ಬರನ್ನೂ ನೋಡಿದರು. "ಆಚಾರ್ರೇ, ನನ್ನ ಮನೆಯಲ್ಲಿ ಗಂಡ ಹೇಳಿದ್ದನ್ನು ಹೆಂಡತಿ ಕೇಳುವುದಿಲ್ಲ, ಹೆಂಡತಿ ಹೇಳಿದ್ದನ್ನು ಗಂಡ ಕೇಳುವುದಿಲ್ಲ. ಆದರೂ ಈವರೆಗೆ ಒಂದು ಮರ ಹಾಳಾದದ್ದಿಲ್ಲ. ನಿಮ್ಮಷ್ಟು ಹೊಂದಾಣಿಕೆ ಒಳ್ಳೆಯದಲ್ಲ" ಎಂದರು.

ಅತ್ತೆ ಮತ್ತು ಅಂಬಟೆ

ಆ ದಿನದಿಂದ ಇವರಿಗೆ ಟೇಪಿನ ಮೇಲೆ ಮುನಿಸು. ಅಟ್ಟದಿಂದ ಮಾವನವರ ಕಾಲದ ಕೋಲು ಇಳಿಸಿದರು. ಕೋಲು ಎಂದರೆ ಹಿಂದಿನ ಆಚಾರಿಗಳ ಅಳತೆಯ ಸಾಧನ, ಒಳ್ಳೆಯ ಮರದ್ದು, ಮೈಮೇಲೆ ಅಂಗುಲದ ಗೆರೆ. ಒಂದು ಕೋಲಿಗೆ ಇಪ್ಪತ್ತನಾಲ್ಕು ಅಂಗುಲ. "ಟೇಪು ಫ್ಯಾಕ್ಟರಿಯದ್ದು, ಸುಳ್ಳು ಹೇಳುತ್ತದೆ. ಅಪ್ಪನ ಕೋಲು ಸುಳ್ಳು ಹೇಳುವುದಿಲ್ಲ" ಎಂದು ಅದಕ್ಕೆ ಊದುಬತ್ತಿ ತೋರಿಸಿ ಹೆಗಲಿಗೆ ಹಾಕಿಕೊಂಡು ಹೊರಟರು.

ಆರು ವರ್ಷ ಆ ಕೋಲಿನಲ್ಲೇ ಕೆಲಸ. ನಮ್ಮ ಸುತ್ತಮುತ್ತ ಎಷ್ಟು ಮನೆಗೆ ಬಾಗಿಲು ಇಟ್ಟರೋ ಲೆಕ್ಕ ಇಲ್ಲ. ಬಾಗಿಲು ಸ್ವಲ್ಪ ತಗ್ಗು ಬರುತ್ತಿತ್ತು. ಜನ ಅದಕ್ಕೂ ಹೊಗಳಿದರು. "ನೋಡಿ, ಆಚಾರ್ರು ಹಳೆಯ ಸಂಪ್ರದಾಯ ಬಿಟ್ಟಿಲ್ಲ. ಮನೆಯೊಳಗೆ ಬರುವವರು ತಲೆ ಬಗ್ಗಿಸಿ ಬರಬೇಕು" ಎಂದು ಹಣೆ ಉಜ್ಜಿಕೊಳ್ಳುತ್ತಾ ಹೇಳುತ್ತಿದ್ದರು. ಇವರು ಗಂಭೀರವಾಗಿ ತಲೆ ಆಡಿಸುತ್ತಿದ್ದರು.

ಬಂಟ್ವಾಳದಲ್ಲಿ ಒಂದು ಡೆಕ್ಕಿನ ಕೆಲಸ ಬಂತು. ಜಂತಿಗೆ ನಾಲ್ಕು ಕೋಲು ಉದ್ದ. ಮನೆಯವರ ಇಂಜಿನಿಯರು ಕಾಗದದಲ್ಲಿ ಅಳತೆ ಬರೆದು ಕೊಟ್ಟಿದ್ದ. ಇವರು ಅದನ್ನು ಕೋಲಿಗೆ ಲೆಕ್ಕ ಹಾಕಿ ಕೊಯ್ದರು. ಕೊಯ್ದದ್ದೆಲ್ಲ ನಾಲ್ಕು ಅಂಗುಲ ಗಿಡ್ಡ! ಒಂದಲ್ಲ, ಎರಡಲ್ಲ, ಅಷ್ಟೂ ಜಂತಿ, ಒಂದೇ ಸಮ. ಇಂಜಿನಿಯರು ಟೇಪು ತೋರಿಸಿದ. ಇವರು ಕೋಲು ತೋರಿಸಿದರು. ಇಂಜಿನಿಯರು ಸುಮ್ಮನೆ ಕೋಲು ತೆಗೆದುಕೊಂಡು ಗೆರೆ ಎಣಿಸಿದ. ಇಪ್ಪತ್ತಮೂರು.

ತನ್ನ ಅಪ್ಪನ ಕೋಲಿನ ಗೆರೆಯನ್ನು ಯಾರು ಎಣಿಸುತ್ತಾರೆ, ನೀವೇ ಹೇಳಿ!

ಮನೆಗೆ ಬಂದು ಇವರು ಜಗಲಿಯಲ್ಲಿ ಕೋಲು ಮಡಿಲಲ್ಲಿ ಇಟ್ಟುಕೊಂಡು ಕೂತರು. ಅತ್ತೆ ಒಳಗಿನಿಂದ ಬಂದು ನೋಡಿದರು, ಹಿಂದೆ ಹೋದರು, ಮತ್ತೆ ಬಂದರು. ಕೊನೆಗೆ ಬಾಯಿ ಬಿಟ್ಟರು. ನಿಮ್ಮಪ್ಪ ತೀರಿಕೊಂಡ ಮೇಲೆ ಆ ಕೋಲು ಸುಮ್ಮನೆ ಮೂಲೆಯಲ್ಲಿತ್ತು, ಅಂಬಟೆ ಮರದ ಕಾಯಿ ಎತ್ತರದಲ್ಲಿತ್ತು, ನಾನು ಕೋಲು ಎಸೆದೆ, ಕಾಯಿ ಬಿತ್ತು, ಕೋಲೂ ಬಿತ್ತು, ಬಿದ್ದದ್ದು ಕಲ್ಲಿಗೆ, ತುದಿ ಮುರಿಯಿತು, ಕತ್ತಿಯಲ್ಲಿ ಚಂದ ಮಾಡಿ ಕೆತ್ತಿ ಅಲ್ಲಿಯೇ ಇಟ್ಟೆ ಎಂದು ಒಂದೇ ಉಸಿರಿಗೆ ಹೇಳಿದರು.

"ಅಮ್ಮಾ! ಆರು ವರ್ಷದಿಂದ ಊರವರೆಲ್ಲ ತಲೆ ಒಡೆದುಕೊಳ್ಳುತ್ತಿದ್ದಾರೆ!" ಎಂದು ಇವರು ಬೊಬ್ಬೆ ಹಾಕಿದರು.

ಅತ್ತೆ ಸೆರಗು ಸರಿ ಮಾಡಿಕೊಂಡರು. "ಎಂತ ನನಗೆ ಜೋರು ಮಾಡುವುದು? ಆ ಅಂಬಟೆಯ ಮೆಣಸ್ಕಾಯಿ ಗೊಜ್ಜಿಗೆ ಮೂರು ಸಲ ಅನ್ನ ಹಾಕಿಸಿಕೊಂಡು ಉಂಡದ್ದು ಯಾರು? ಊರವರಾ?"

ಮುಂಗಡ ಹೇಳಿಟ್ಟ ತುಂಡು

ನಗಾಡುವುದು ಬೇರೆ, ಇವರಿಗೆ ಆಮೇಲೆ ನಿಜವಾಗಿಯೂ ಬೇಜಾರಾಯಿತು. ಎರಡು ತಿಂಗಳು ಯಾರೂ ಕರೆಯಲಿಲ್ಲ. ಬಂಟ್ವಾಳದಿಂದ ಬೆಳ್ತಂಗಡಿವರೆಗೆ ಬಸ್ಸಿನಲ್ಲಿ ಕಥೆ ಓಡಾಡಿತು. ರಾತ್ರಿ ಊಟಕ್ಕೆ ಕೂತವರು ಕೈಯಲ್ಲಿ ಅನ್ನ ಕಲಸುತ್ತಾ ಕಲಸುತ್ತಾ ಹಾಗೇ ಕೂತುಬಿಡುತ್ತಿದ್ದರು. ನೋಡಿ ನನಗೆ ಸಂಕಟ ಆಗುತ್ತಿತ್ತು. ಎಷ್ಟಾದರೂ ನನ್ನ ಗಂಡ, ಎಷ್ಟಾದರೂ ಒಳ್ಳೆಯ ಕೆಲಸಗಾರ, ಉದ್ದವೊಂದು ಬಿಟ್ಟು.

ಆಗ ವೇಣೂರಿನ ಹಾಜಿಯವರು ಫೋನು ಮಾಡಿದರು. ಮೂವತ್ತು ವರ್ಷ ಗಲ್ಫಿನಲ್ಲಿದ್ದು ಬಂದವರು, ಫಲ್ಗುಣಿ ಹೊಳೆಯ ದಂಡೆಯಲ್ಲಿ ಮನೆ. ಮಗಳ ನಿಶ್ಚಿತಾರ್ಥ, ಬರುವ ಆದಿತ್ಯವಾರ. ಬಂಟ್ವಾಳದಿಂದ ಬರುವ ಬೀಗರನ್ನು ಹೊಳೆಯ ಮೇಲೆ ಡೆಕ್ಕಿನಲ್ಲಿ ಕೂರಿಸಿ ಊಟ ಹಾಕಬೇಕು ಎಂದು ಅವರ ಆಸೆ. ನಾರಾವಿಯಲ್ಲಿ ಅವರ ಅಜ್ಜನ ಮನೆ ಕೆಡವುವಾಗ ಸಿಕ್ಕಿದ ಕಿರಾಲ್‌ಬೋಗಿಯ ಜಂತಿಗಳು ಅಂಗಳದಲ್ಲಿದ್ದವು. ಕಿರಾಲ್‌ಬೋಗಿ ಎಂದರೆ ಕಬ್ಬಿಣವೇ ಸರಿ, ನೂರು ವರ್ಷ ನೀರಿನಲ್ಲಿದ್ದರೂ ಕೊಳೆಯುವುದಿಲ್ಲ. ಹದಿನೇಳು ಇದ್ದವು, ಬೇಕಾದದ್ದೂ ಹದಿನೇಳು. ಎಲ್ಲ ಹನ್ನೆರಡೂವರೆ ಅಡಿ. ಡೆಕ್ಕಿಗೆ ಬೇಕಾದದ್ದು ಹತ್ತಡಿ.

ನಾವು ನೋಡಲಿಕ್ಕೆ ಹೋದಾಗ ಹಾಜಿಯವರು ಮರದ ಮೇಲೆ ಕೈ ಆಡಿಸಿದರು. "ಆಚಾರ್ರೇ, ತಪ್ಪು ತಿಳಿಯಬೇಡಿ. ನಿಮ್ಮ ಬಗ್ಗೆ ಜನ ಎಂತೆಂತದೋ ಹೇಳ್ತಾರೆ. ಒಂದು ಗಿಡ್ಡ ಆದರೂ ಬೇರೆ ಮರ ಇಲ್ಲ ನನ್ನ ಹತ್ತಿರ. ಇದು ಅಜ್ಜನ ಮನೆಯದ್ದು."

ಇವರ ಮುಖ ಕೆಂಪಾಯಿತು. ಎದೆ ಸೆಟೆಸಿ ನಿಂತರು. "ಹಾಜಿಯವರೇ, ಈ ಕೆಲಸದಲ್ಲಿ ನಾನು ಕೊಯ್ದ ಒಂದೇ ಒಂದು ತುಂಡು ಗಿಡ್ಡ ಬಂದರೆ, ಗರಗಸ ಇವಳ ಕೈಗೆ, ಟೇಪಿನ ತುದಿ ನನ್ನ ಕೈಗೆ! ಇದು ನನ್ನ ಶಪಥ!"

ನನ್ನನ್ನು ಒಂದು ಮಾತು ಕೇಳಬೇಕಿತ್ತು. ಕೇಳಲಿಲ್ಲ.

ಅಷ್ಟರಲ್ಲಿ ಆಚೆಮನೆಯ ಅಕ್ಕ ಬೇಲಿ ದಾಟಿ ಬಂದರು. ಗದ್ದೆ ತೋಟ ಎಲ್ಲ ಇರುವ ದೊಡ್ಡ ಮನೆತನದವರು, ಆದರೆ ಮರದ ತುಂಡು ಕಂಡರೆ ಬಿಡುವವರಲ್ಲ. ನಮ್ಮ ಕಡೆ ಇದೊಂದು ರೂಢಿ. ಎಲ್ಲಿ ಮರ ಕೊಯ್ಯುವ ಶಬ್ದ ಕೇಳಿದರೂ ಉಳಿದ ತುಂಡು ಕೇಳಲಿಕ್ಕೆ ನೆರೆಕರೆಯವರು ಬರುತ್ತಾರೆ. ಅಕ್ಕ ಮಾತ್ರ ಶಬ್ದ ಆಗುವ ಮೊದಲೇ ಬಂದರು.

"ಆಚಾರ್ರೇ, ಉಳಿದ ತುಂಡು ನನಗೆ. ಹಾಜಿಯವರು ಒಪ್ಪಿದ್ದಾರೆ. ಕೋಳಿಗೂಡಿನ ಕಾಲಿಗೆ. ಎರಡೂವರೆ ಅಡಿ ಬೇಕು, ಕಡಿಮೆ ಆದರೆ ಮುಂಗುಸಿ ಹತ್ತುತ್ತದೆ."

ಇವರು ಲೆಕ್ಕ ಹಾಕಿದರು. ಹನ್ನೆರಡೂವರೆಯಲ್ಲಿ ಹತ್ತು ಹೋದರೆ ಎರಡೂವರೆ. "ಸರಿಯಾಗಿ ಎರಡೂವರೆಯೇ ಬರುತ್ತದೆ ಅಕ್ಕ, ಹದಿನೇಳು ತುಂಡು" ಎಂದರು.

ನನಗೆ ಸುಮ್ಮನೆ ಇರಲಿಕ್ಕೆ ಆಗುವುದಿಲ್ಲವಲ್ಲ. "ಅಕ್ಕಾ, ಎಷ್ಟು ಗೂಡು?" ಎಂದು ಕೇಳಿದೆ.

"ನಾಲ್ಕು."

"ನಾಲ್ಕು ಗೂಡಿಗೆ ಹದಿನಾರು ಕಾಲು ಸಾಕಲ್ಲ? ಹದಿನೇಳನೆಯದು ಯಾಕೆ?"

ಅಕ್ಕ ಇವರನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು. "ಕೊಯ್ಯುವುದು ನಿಮ್ಮ ಯಜಮಾನರಲ್ಲವಾ ತಂಗಿ? ಒಂದು ಜಾಸ್ತಿ ಇರಲಿ."

ಬೀಗರಿಗೆ ಯಾವ ಪ್ರಾಣಿ

ಕೊಯ್ಯುವ ಮೊದಲು ಇವರು ಇನ್ನೊಂದು ಪಂಚಾತಿಕೆ ತೆಗೆದರು. ಆಯ ನೋಡಬೇಕು ಎಂದರು. ಮನೆ ಕಟ್ಟುವಾಗ ಉದ್ದ ಅಗಲ ಗುಣಿಸಿ, ಭಾಗಿಸಿ, ಉಳಿದ ಸಂಖ್ಯೆಯಿಂದ ಒಳ್ಳೆಯದು ಕೆಟ್ಟದ್ದು ಹೇಳುವ ಹಳೆಯ ಲೆಕ್ಕ ಅದು. ಒಂದೊಂದು ಆಯಕ್ಕೆ ಒಂದೊಂದು ಗುರುತು. ಒಂದು ಆನೆ, ಒಂದು ಸಿಂಹ, ಒಂದು ನಾಯಿ, ಹೀಗೆ.

"ಆಚಾರ್ರೇ, ಇದು ಮನೆ ಅಲ್ಲ. ಚಾ ಕುಡಿಯುವ ಹಲಗೆ. ಹೊಳೆಯ ಮೇಲೆ ಉಂಟು. ಇದಕ್ಕೆ ಯಾವ ಆಯ?" ಎಂದರು ಹಾಜಿಯವರು.

"ಮನುಷ್ಯ ಕೂರುತ್ತಾನೋ ಇಲ್ಲವೋ?"

"ಕೂರ್ತಾನೆ."

"ಹಾಗಾದರೆ ಆಯ ಬೇಕು."

ಗೋಡೆಯ ಮೇಲೆ ಪೆನ್ಸಿಲಿನಲ್ಲಿ ಅರ್ಧ ಗಂಟೆ ಲೆಕ್ಕ ನಡೆಯಿತು. ಹಾಜಿಯವರ ಹೊಸ ಪೈಂಟು ಹೋಯಿತು. ಕೊನೆಗೆ ಇವರು ತಲೆ ಅಲ್ಲಾಡಿಸಿದರು. "ಹತ್ತು ಅಡಿ ಆಗುವುದಿಲ್ಲ. ಕತ್ತೆ ಬರುತ್ತದೆ."

ಹಾಜಿಯವರಿಗೆ ಈಗ ಹೆದರಿಕೆ ಹತ್ತಿತು. "ಕತ್ತೆಯಾ? ಬೀಗರನ್ನು ಕತ್ತೆಯ ಮೇಲೆ ಕೂರಿಸುವುದಾ? ಬೇಡ ಬೇಡ. ಬೇರೆ ಎಂತ ಉಂಟು?"

"ಅರ್ಧ ಅಡಿ ಹೆಚ್ಚು ಮಾಡಿ ಹತ್ತೂವರೆಗೆ ಇಟ್ಟರೆ ಆನೆ ಸಿಗುತ್ತದೆ. ಹೇಗೂ ಮರ ಉದ್ದ ಉಂಟಲ್ಲ."

"ಆನೆಯೇ ಇರಲಿ. ಮತ್ತೆ ಬಂಟ್ವಾಳದವರು ಸ್ವಲ್ಪ ದಪ್ಪದವರೂ ಹೌದು" ಎಂದರು ಹಾಜಿಯವರು.

ಕೆಂಪು ಗೆರೆಯ ಆಚೆ

ಶನಿವಾರ ಬಂತು. ಮರುದಿನ ನಿಶ್ಚಿತಾರ್ಥ. ಅಂಗಳದಲ್ಲಿ ಶಾಮಿಯಾನದವರು ಕಂಬ ಹುಗಿಯುತ್ತಿದ್ದರು, ಹಾಜಿಯವರು ನಿಮಿಷಕ್ಕೊಮ್ಮೆ ಬಂದು "ಆಯ್ತಾ?" ಎನ್ನುತ್ತಿದ್ದರು. ಇವರು ಪೆನ್ಸಿಲನ್ನು ಕಿವಿಗೆ ಸಿಕ್ಕಿಸುವುದು, ತೆಗೆಯುವುದು ಮಾಡುತ್ತಿದ್ದರು.

ನಾನು ಒಂದು ಉಪಾಯ ಹೇಳಿದೆ. "ನೋಡಿ, ಮೊದಲೇ ಕೊಯ್ಯುವುದೇ ಬೇಡ. ಹದಿನೇಳನ್ನೂ ಉದ್ದವೇ ಇಟ್ಟು ಮೊಳೆ ಹೊಡೆಯುವ. ಹೊಳೆಯ ಕಡೆಗೆ ಹೆಚ್ಚಾದದ್ದು ಹೊರಗೆ ಚಾಚಿಕೊಂಡಿರಲಿ. ಆಮೇಲೆ ಕಾವಿಯ ನೂಲು ಎಳೆದು ಒಂದೇ ಗೆರೆ ಹೊಡೆದು, ಆ ಗೆರೆಗೆ ಎಲ್ಲವನ್ನೂ ಸಾಲಾಗಿ ಕೊಯ್ಯುವ. ಗಿಡ್ಡ ಆಗಲಿಕ್ಕೆ ದಾರಿಯೇ ಇಲ್ಲ."

"ಅದು ಅಳತೆ ಗೊತ್ತಿಲ್ಲದವರು ಮಾಡುವ ಕೆಲಸ" ಎಂದರು.

ನಾನು ಟೇಪಿನ ತುದಿಯನ್ನು ಅವರ ಕೈಯ ಹತ್ತಿರ ಚಾಚಿದೆ. ಇವರು ಅದನ್ನು ಮುಟ್ಟದೆ "ನೂಲು ಎಲ್ಲಿ ಇಟ್ಟಿದ್ದಿ?" ಎಂದು ಕೇಳಿದರು.

ಹೊಸ ಟೇಪು, ತುದಿ ಸರಿ ಇರುವುದು. ಮೂರು ಸಲ ಅಳೆದೆವು. "ನಾನು ಕಳೆಯುವುದಿಲ್ಲ, ನೀನೂ ಕಳೆಯಬೇಡ" ಎಂದು ದೇವರ ಎದುರು ಹೇಳುವ ಹಾಗೆ ಹೇಳಿದರು. ಹತ್ತೂವರೆಗೆ ನೂಲು ಹೊಡೆದೆವು. ಹದಿನೇಳು ಮರದ ಮೇಲೆ ನೇರ ಕೆಂಪು ಗೆರೆ. ನೋಡಲಿಕ್ಕೆ ಎಷ್ಟು ಚಂದ!

ಕರೆಂಟಿನ ಗರಗಸ ಹಿಡಿಯುವ ಮೊದಲು ಇವರು ಎರಡು ಕಿವಿಗೂ ಹತ್ತಿ ತುರುಕಿಕೊಂಡರು. "ನೀನು ಮಧ್ಯೆ ಬಾಯಿ ಹಾಕಿದ್ದಕ್ಕೇ ಮೊದಲೆಲ್ಲ ತಪ್ಪಿದ್ದು. ಈಗ ಆಕಾಶ ಬಿದ್ದರೂ ನಾನು ಗೆರೆ ಬಿಟ್ಟು ಕಣ್ಣೆತ್ತುವುದಿಲ್ಲ" ಎಂದು ಮಂಡಿಯೂರಿ ಮೊದಲ ಜಂತಿಗೆ ಗರಗಸ ಇಟ್ಟರು. ನಾನು ಗೋಡೆಯ ಬದಿಯಲ್ಲಿ ಜಂತಿಗಳ ಮೇಲೆ ಭಾರಕ್ಕೆ ನಿಂತೆ.

ಅಷ್ಟರಲ್ಲಿ ಅಕ್ಕ ಬಂದರು. ಬೆಳಿಗ್ಗೆ ಶಾಮಿಯಾನದವರಲ್ಲಿ ಯಾರೋ ಎರಡು ತುಂಡು ಕೊಡ್ತೀರಾ ಎಂದು ಹಾಜಿಯವರನ್ನು ಕೇಳಿದ್ದು ಅವರ ಕಿವಿಗೆ ಬಿದ್ದಿತ್ತು.

"ತಂಗಿ, ಕೆಂಪು ಗೆರೆಯ ಆಚೆ ನನ್ನದಲ್ಲವಾ?"

"ಹೌದಕ್ಕ, ನಿಮ್ಮದೇ."

"ಹಾಗಾದರೆ ನಾನು ಇಲ್ಲೇ ಕಾಯ್ತೇನೆ. ನಾಳೆಯ ಗಡಿಬಿಡಿಯಲ್ಲಿ ಯಾರನ್ನೂ ನಂಬಲಿಕ್ಕಾಗುವುದಿಲ್ಲ."

ಕೊನೆಯ ಜಂತಿಯ ಪಕ್ಕದಲ್ಲಿ ಹೊಳೆಗೆ ಇಳಿಯುವ ಕಲ್ಲಿನ ಮೆಟ್ಟಿಲು. ಅಕ್ಕ ಒಂದು ಹಲಗೆ ತಂದರು. ಅದರ ಒಂದು ತುದಿ ಮೆಟ್ಟಿಲ ಮೇಲೆ, ಇನ್ನೊಂದು ತುದಿ ಹದಿನೇಳನೆಯ ಜಂತಿಯ ಹೊರಚಾಚಿದ ಭಾಗದ ಮೇಲೆ. ಅದರ ಮೇಲೆ ನಮಗೆ ಬೆನ್ನು ಹಾಕಿ, ಹೊಳೆಯ ಕಡೆ ಮುಖ ಮಾಡಿ ಕೂತು ಎಲೆಯಡಿಕೆ ಹಾಕಿಕೊಂಡರು.

ಕೊಯ್ದ ತುಂಡುಗಳು ದೊಪ್ಪ ದೊಪ್ಪನೆ ನೀರಿಗೆ ಬೀಳತೊಡಗಿದವು. ಅಲ್ಲಿ ನೀರು ಮೊಣಕಾಲಿನಷ್ಟು, ಅಡಿಯಲ್ಲಿ ಹೊಯ್ಗೆ, ಮೆತ್ತಗಿನ ಮರಳು. ಒಂದೊಂದು ಬಿದ್ದಾಗಲೂ ಅಕ್ಕ ಗಟ್ಟಿಯಾಗಿ ಎಣಿಸುತ್ತಿದ್ದರು. ಒಂಬತ್ತು. ಹತ್ತು. ನಾನೂ ಖುಷಿಯಲ್ಲಿ ಇವರ ಗೆರೆಯನ್ನೇ ನೋಡುತ್ತಿದ್ದೆ. ಒಂದು ಕೂದಲಿನಷ್ಟೂ ಆಚೆ ಈಚೆ ಇಲ್ಲ! ಹದಿಮೂರಕ್ಕೆ ಬರುವಾಗ ಒಮ್ಮೆಲೇ ಅಕ್ಕನ ಹಲಗೆ ಎಲ್ಲಿ ಉಂಟು ಎಂದು ನನಗೆ ಹೊಳೆಯಿತು.

"ಇವರೇ! ನಿಲ್ಲಿಸಿ! ಅಕ್ಕ ಕೂತಿದ್ದಾರೆ!" ಎಂದು ಬೊಬ್ಬೆ ಹಾಕಿದೆ. ಇವರ ಕಿವಿಯಲ್ಲಿ ಹತ್ತಿ. ಅದರ ಮೇಲೆ ಗರಗಸದ ಶಬ್ದ.

"ಅಕ್ಕಾ! ಏಳಿ! ಅಕ್ಕಾ!"

ಅಕ್ಕ ತಿರುಗಲೂ ಇಲ್ಲ. ಕೈ ಬೀಸಿದರು. "ಎಣಿಸ್ತಾ ಇದ್ದೇನೆ ತಂಗಿ, ತಪ್ಪಿಸಬೇಡ! ಹದಿನೈದು!"

ಗರಗಸ ಹಿಡಿದವರನ್ನು ಮುಟ್ಟುವ ಹಾಗಿಲ್ಲ. ಪ್ಲಗ್ಗು ಇರುವುದು ಹಾಜಿಯವರ ಅಡುಗೆಮನೆಯಲ್ಲಿ. ನಾನು ಓಡಿದೆ. ಸೀರೆ ಎತ್ತಿ ಕಟ್ಟಿ, ಶಾಮಿಯಾನದ ಹಗ್ಗ ಹಾರಿ, ಬಿರಿಯಾನಿಯ ಹಂಡೆ ಸುತ್ತಿ ಓಡಿದೆ. "ಹದಿನಾರು!" ಎಂದು ಹಿಂದಿನಿಂದ ಕೇಳಿಸಿತು. ಪ್ಲಗ್ಗು ಎಳೆದೆ. ಗರಗಸ ನಿಂತಿತು, ಆದರೆ ಹದಿನೇಳನೆಯದು ಆಗಲೇ ಕೊಯ್ದು ಮುಗಿದಿತ್ತು. ಆ ನಿಶ್ಶಬ್ದದಲ್ಲಿ ಮೊದಲು ಒಂದು ಸಣ್ಣ ದೊಪ್ಪ, ಅದರ ಹಿಂದೆಯೇ ಒಂದು ದೊಡ್ಡ ದೊಪ್ಪ.

ವಾಪಸು ಓಡಿ ಬಂದು ನೋಡುತ್ತೇನೆ, ಹಲಗೆ ಮಕ್ಕಳ ಜಾರುಬಂಡಿಯ ಹಾಗೆ ಮೆಟ್ಟಿಲಿನಿಂದ ನೀರಿಗೆ ಇಳಿದಿದೆ. ಅಕ್ಕ ಎದೆಮಟ್ಟ ನೀರಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ಬಾಯಿಯಲ್ಲಿ ಎಲೆಯಡಿಕೆ ಹಾಗೇ ಉಂಟು. ಸುತ್ತ ಹೊಯ್ಗೆಯಲ್ಲಿ ತುಂಡುಗಳು. ಹಾಜಿಯವರು ಮುಂಡು ಎತ್ತಿಕೊಂಡು "ಯಾ ಅಲ್ಲಾ! ಅಕ್ಕಾ! ಎಲ್ಲಿಗೆ ತಾಗಿತು?" ಎಂದು ನೀರಿಗೇ ಇಳಿದರು.

ನನ್ನ ಗಂಡ ಮಾತ್ರ ಇನ್ನೂ ಮಂಡಿಯಲ್ಲೇ ಇದ್ದರು. ಹದಿನೇಳೂ ತುದಿ ನೂಲಿಟ್ಟ ಹಾಗೆ ನೇರ. ಜನ್ಮದಲ್ಲಿ ಮೊದಲ ಸಲ. ಕಣ್ಣಲ್ಲಿ ನೀರು ತುಂಬಿತ್ತು ಅವರಿಗೆ. ಕಿವಿಯ ಹತ್ತಿ ತೆಗೆದು, "ನೋಡಿದೆಯಾ ಮಾರಾಯ್ತಿ? ಒಂದೂ ಗಿಡ್ಡ ಇಲ್ಲ!" ಎಂದರು.

ಆಗ ಕೆಳಗಿನಿಂದ ಅಕ್ಕನ ಸ್ವರ. ಅವರು ಏಳಲಿಲ್ಲ, ಅಳಲಿಲ್ಲ. ಕೈಗೆ ಸಿಕ್ಕಿದ ಒಂದು ತುಂಡನ್ನು ಮಡಿಲಲ್ಲಿ ಇಟ್ಟುಕೊಂಡು ಗೇಣು ಹಾಕುತ್ತಿದ್ದರು. ಇನ್ನೊಂದು ಎತ್ತಿದರು, ಅದಕ್ಕೂ ಗೇಣು ಹಾಕಿದರು.

"ಆಚಾರ್ರೇ! ಎರಡೂವರೆ ಹೇಳಿದ್ದಲ್ಲವಾ? ಇದು ಎರಡೇ ಅಡಿ ಉಂಟು! ಎಲ್ಲವೂ ಗಿಡ್ಡ!"

ಆನೆ ತಿಂದ ಅರ್ಧ ಅಡಿ! ಹನ್ನೆರಡೂವರೆಯಲ್ಲಿ ಹತ್ತೂವರೆ ಹೋದರೆ ಉಳಿಯುವುದು ಎರಡೇ ಎಂದು ಹಾಜಿಯವರಿಗೂ ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಹಾಜಿಯವರು ನೀರಿನಲ್ಲಿ ನಿಂತಲ್ಲೇ ಹೊಟ್ಟೆ ಹಿಡಿದುಕೊಂಡು ನಗಲು ಶುರು ಮಾಡಿದರು. ಶಾಮಿಯಾನದವರು ಓಡಿ ಬಂದು, ಯಾಕೆಂದು ಗೊತ್ತಿಲ್ಲದೆ ಅವರೂ ನಕ್ಕರು. ಅಕ್ಕ ತಾಂಬೂಲ ಉಗಿದು, "ಒಂದು ಜಾಸ್ತಿ ಕೇಳಿದ್ದು ಸಾಕಾಗಲಿಲ್ಲ" ಎಂದು ತಾನೂ ನಗಲಿಕ್ಕೆ ಹತ್ತಿದರು.

ಇವರು ನಗಲಿಲ್ಲ. ಒಂದೇ ಒಂದು ತುಂಡು ಗಿಡ್ಡ ಬಂದರೂ ಎಂದು ಹಾಜಿಯವರೆದುರು ಹೇಳಿದ್ದು ಅವರೇ. ಗರಗಸವನ್ನು ಒರೆಸಿ, ನನ್ನ ಕೈಗೆ ಕೊಟ್ಟರು. ಮಾತಿಗೆ ತಪ್ಪುವವರಲ್ಲ.

ರಾತ್ರಿಯೇ ಹಲಗೆ ಹಾಸಿ ಮುಗಿಸಿದೆವು. ಆದಿತ್ಯವಾರ ಬೀಗರು ಬಂದರು, ಡೆಕ್ಕಿನಲ್ಲಿ ಕೂತು ಹೊಟ್ಟೆ ತುಂಬ ಉಂಡರು, ಆನೆ ಮಿಸುಕಲಿಲ್ಲ. ಸೋಮವಾರ ಅಕ್ಕನ ಮನೆಗೆ ಹೋದೆವು, ಕೋಳಿಗೂಡಿಗೆ ಹೊಸ ಕಾಲು ಕೊಯ್ದುಕೊಡಲಿಕ್ಕೆ. ನಾನು ಗರಗಸ ಹಿಡಿದು ನಿಂತೆ. ಇವರು ಆ ಕೊನೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು ಟೇಪಿನ ತುದಿ ಹಿಡಿದುಕೊಂಡು, ಶಾಲೆಯ ಮಗುವಿನ ಹಾಗೆ ನನ್ನ ಮುಖ ನೋಡಿದರು.

"ಎಷ್ಟರಲ್ಲಿ ಹಿಡಿಯಲಿ?"

"ಸೊನ್ನೆಯಲ್ಲಿ ಹಿಡಿಯಿರಿ ಮಾರಾಯ್ರೇ" ಎಂದೆ. "ಕಳೆಯುವುದನ್ನು ನಾನು ನೋಡಿಕೊಳ್ಳುತ್ತೇನೆ."